ದೇವರಿದ್ದಾನೆಯೇ ಎನ್ನುವ ಮೊದಲು ಪ್ರಮಾಣ ಯಾವುದು ಹೇಳಿ

ವೇದದಲ್ಲಿದೆ, ಆದ್ದರಿಂದ ದೇವರಿದ್ದಾನೆ. ವೇದವನ್ನೇಕೆ ನಂಬಬೇಕು? ದೇವರೇ ಹೇಳಿದ್ದಲ್ಲವೇ! ದೇವರ ಬಗೆಗಿನ ವಾದಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಇದನ್ನು ಸರಿಪಡಿಸದೆ ಎಷ್ಟು ಶ್ಲೋಕ ಉದುರಿಸಿದರೂ ಪ್ರಯೋಜನವಿಲ್ಲ.

ಪ್ರಮಾಣ ಎಂದರೆ ನಿಜವನ್ನು ತಿಳಿಯುವ ಸಾಧನ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಅನುಮಾನ ಪ್ರಮಾಣ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ದಾರಿ, ಹಿಡಿದರು: ಮಡಕೆ ಕಾರ್ಯ (ಉಂಟಾದ ವಸ್ತು), ಅದಕ್ಕೊಬ್ಬ ಕರ್ತೃ (ಮಾಡಿದವನು) ಇದ್ದಾನೆ, ಭೂಮಿಯೂ ಕಾರ್ಯ, ಅದಕ್ಕೂ ಕರ್ತೃ ಬೇಕು. ಇದನ್ನು ಒಡೆದದ್ದು ನಾಸ್ತಿಕರು ಮಾತ್ರ ಎಂದುಕೊಂಡವರು ಬ್ರಹ್ಮಸೂತ್ರ 1.1.3ಕ್ಕೆ ರಾಮಾನುಜರ ಭಾಷ್ಯ ಓದಬೇಕು. ಕುಂಬಾರನನ್ನು ಕರೆತಂದರೆ ಅವನ ದೇಹ, ಅವನ ಮಿತಿ ಎಲ್ಲವೂ ಜೊತೆಗೇ ಬರುತ್ತವೆ. ಬೆಟ್ಟ, ಕಡಲು ಎಲ್ಲ ಒಂದೇ ಹೊತ್ತಿಗೆ ಒಬ್ಬನಿಂದಲೇ ಆದವು ಎನ್ನಲು ಮಡಕೆ ಸಾಕ್ಷಿಯಾಗದು. ಹಾಗಾಗಿ ಈಶ್ವರನ ವಿಷಯದಲ್ಲಿ ಶಾಸ್ತ್ರವೊಂದೇ ಪ್ರಮಾಣ ಎಂಬುದು ಅವರ ನಿಲುವು. ಪರಮ ಭಕ್ತರೊಬ್ಬರು ದೇವರ ಪರವಾದ ಯುಕ್ತಿಯನ್ನೇ ಕೆಡವುವ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ವೇದದ ಯಜ್ಞಕರ್ಮಗಳೇ ಮುಖ್ಯವೆನ್ನುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟರದು ಇನ್ನೊಂದು ದಾರಿ. ವೇದ ಅಪೌರುಷೇಯ, ಹೇಳಿದವನೇ ಇಲ್ಲ. ಆದ್ದರಿಂದ ಅದರ ಪ್ರಾಮಾಣ್ಯಕ್ಕೆ ದೇವರು ಬೇಕಿಲ್ಲ. ಸೃಷ್ಟಿಗೆ ಮೊದಲು ಅವನಿಗೆ ದೇಹ ಎಲ್ಲಿತ್ತು, ಸೃಷ್ಟಿಸಿ ಅವನಿಗೇನು ಲಾಭ ಎಂದು ತಮ್ಮ ಗ್ರಂಥ ಶ್ಲೋಕವಾರ್ತಿಕದಲ್ಲಿ ಕೇಳುತ್ತಾರೆ. ಯಜ್ಞ ಬೇಕು, ಸೃಷ್ಟಿಕರ್ತ ಬೇಡ! ಇಂಥವರನ್ನು ಟಿವಿ ಚರ್ಚೆಯಲ್ಲಿ ಯಾವ ಕಡೆ ಕೂರಿಸುವುದು?

ಶಾಸ್ತ್ರವೇ ಪ್ರಮಾಣ ಎಂದಾದ ಮೇಲೆ ಅರ್ಥದ ಜಗಳ ಶುರು. ತಾತ್ಪರ್ಯ ಗುರುತಿಸಲು ಆರು ಲಿಂಗಗಳಿವೆ, ಅಂದರೆ ಗುರುತುಗಳು: ಉಪಕ್ರಮ-ಉಪಸಂಹಾರ (ಆರಂಭ-ಮುಕ್ತಾಯ), ಅಭ್ಯಾಸ (ಮತ್ತೆ ಮತ್ತೆ ಹೇಳುವುದು), ಅಪೂರ್ವತೆ (ಬೇರೆಲ್ಲೂ ತಿಳಿಯದ ಹೊಸತನ), ಫಲ, ಅರ್ಥವಾದ (ಹೊಗಳಿಕೆ), ಉಪಪತ್ತಿ (ಯುಕ್ತಿ). ಒಂಟಿ ವಾಕ್ಯ ಕಿತ್ತು ತಂದು ವಾದಿಸುವವರು ಮೊದಲನೆಯದರಲ್ಲೇ ಸೋಲುತ್ತಾರೆ, ಏಕೆಂದರೆ ಅದು ಪ್ರಕರಣದ ಆದಿ ಅಂತ್ಯ ಎರಡನ್ನೂ ಕೇಳುತ್ತದೆ.

ಛಾಂದೋಗ್ಯದ 6ನೇ ಅಧ್ಯಾಯ ನೋಡಿ. ಉದ್ದಾಲಕ ಮಗ ಶ್ವೇತಕೇತುವಿಗೆ 'ತತ್ತ್ವಮಸಿ' (ಅದು ನೀನೇ) ಎಂದು 9 ಸಲ ಹೇಳುತ್ತಾನೆ. ಅಭ್ಯಾಸವೇನೋ ಸ್ಪಷ್ಟ. 'ಏಕಮೇವಾದ್ವಿತೀಯಂ' (ಒಂದೇ, ಎರಡನೆಯದಿಲ್ಲ) ಎಂಬ ಉಪಕ್ರಮವನ್ನೂ ಸೇರಿಸಿ ಅದ್ವೈತಿಗಳು ಜೀವ-ಬ್ರಹ್ಮರ ಐಕ್ಯವನ್ನು ಸಾಧಿಸುತ್ತಾರೆ. ಮಧ್ವಾಚಾರ್ಯರು 'ಅತತ್ ತ್ವಮಸಿ' (ನೀನು ಅದಲ್ಲ) ಎಂದು ಪದ ಬಿಡಿಸಿದ್ದನ್ನಷ್ಟೇ ಹಿಡಿದು ನಗುವವರು ಅವರ ನಿಜವಾದ ಬಲವನ್ನು ನೋಡಿಯೇ ಇಲ್ಲ. ಅದಿರುವುದು ಉದ್ದಾಲಕ ಅಲ್ಲಿ ಕೊಡುವ ದೃಷ್ಟಾಂತಗಳಲ್ಲಿ. ದಾರಕ್ಕೆ ಕಟ್ಟಿದ ಹಕ್ಕಿ ದಾರವಲ್ಲ. ನೀರಲ್ಲಿ ಕರಗಿದ ಉಪ್ಪು ಕಾಣದಿದ್ದರೂ ನೀರಲ್ಲ. ಕಡಲು ಸೇರಿದ ನದಿಗೆ ತನ್ನ ಗುರುತು ಸಿಗದಿರುವುದು ಅದು ಕಡಲೇ ಆಯಿತು ಎನ್ನುವುದಕ್ಕೆ ಸಾಕ್ಷಿಯಲ್ಲ. ಅದ್ವೈತಿ ಇದಕ್ಕೆ ಉತ್ತರಿಸಬೇಕಾದರೆ ದೃಷ್ಟಾಂತದ ಯಾವ ಅಂಶ ವಿವಕ್ಷಿತ (ಹೇಳಲು ಉದ್ದೇಶಿಸಿದ್ದು), ಯಾವುದು ಅಲ್ಲ ಎಂದು ಒಂದೊಂದಕ್ಕೂ ಬೇರೆಬೇರೆಯಾಗಿ ತೋರಿಸಬೇಕು.