ಬಚ್ಚಲ ನೀರು ಎಷ್ಟು ಬಿಸಿ?

ಪಕ್ಕದ ಮನೆ ಅಜ್ಜಿ ಎರಡು ವರ್ಷದ ಹಿಂದೆ ಮನೆ ಮಾರಿ ಪರ್ಸನಲ್ ಕೇರ್ ಹೋಮ್ ಸೇರಿದರು. ಅಮೆರಿಕದಲ್ಲಿ ನಾವಿರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನರ್ಸಿಂಗ್ ಹೋಮ್ ಬೇರೆ, ಇದು ಬೇರೆ. ಸ್ನಾನ, ಊಟ, ಮಾತ್ರೆಗೆ ಒಂದು ಕೈ ಆಸರೆ ಸಿಗುತ್ತೆ, ಅಷ್ಟೇ. ಭಾನುವಾರ ದೇವಸ್ಥಾನದಿಂದ ಬರುವಾಗ ನಾನು, ಮಗಳು ಹೋಗಿ ಮಾತಾಡಿಸಿಕೊಂಡು ಬರುತ್ತೇವೆ.

ಹೋದ ವಾರ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆ ಮೇಲಿನ ತಪಾಸಣೆ ವರದಿ ಓದುತ್ತಿದ್ದಳು. ಲೈಸೆನ್ಸ್ ಜೊತೆ ಅದನ್ನೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಲೇಬೇಕು. ಬಚ್ಚಲ ನಲ್ಲಿಯ ನೀರು 131 ಡಿಗ್ರಿ ಫ್ಯಾರನ್‌ಹೀಟ್. 120 ದಾಟಬಾರದು. ಮಾತ್ರೆ ಬೀರುವಿಗೆ ಬೀಗ ಇಲ್ಲ. ಪ್ರತಿ ತಿಂಗಳು ಮೊದಲೇ ತಿಳಿಸದೆ ಮಾಡಬೇಕಾದ ಫೈರ್ ಡ್ರಿಲ್ ಎರಡು ತಿಂಗಳಿಂದ ಆಗಿಲ್ಲ.

"ಅಮ್ಮಾ, ತಿಪಟೂರಿನ ಬಚ್ಚಲಿಗೆ ಇವರು ಲೈಸೆನ್ಸ್ ಕೊಡ್ತಾರಾ?"

ನಗು ಬಂತು. ನಮ್ಮ ದೊಡ್ಡಮ್ಮ ಒಲೆಗೆ ತೆಂಗಿನ ಗರಿ, ಚಿಪ್ಪು ತುರುಕಿ ಹಂಡೆ ಕಾಯಿಸುತ್ತಿದ್ದರು. ಮೈ ಕೆಂಪಗಾಗದಿದ್ದರೆ ಅವರ ಲೆಕ್ಕದಲ್ಲಿ ಅದು ಸ್ನಾನವೇ ಅಲ್ಲ.

ಆ ಹೋಮ್‌ನ ಲೈಸೆನ್ಸನ್ನು ರಾಜ್ಯದ ಇಲಾಖೆ ರದ್ದು ಮಾಡಿದೆ. 2014ರಲ್ಲಿ ಇಲಾಖೆಯ ಹೆಸರು ಬದಲಾದರೂ ಅಜ್ಜಿಗೆ ಅದು ಈಗಲೂ 'ವೆಲ್ಫೇರ್'. ಮಾಲೀಕರು ಮೇಲ್ಮನವಿ ಹಾಕಿದ್ದಾರೆ. ಮೊದಲು ಇಲಾಖೆಯದೇ ವಿಚಾರಣೆ, ಅಲ್ಲಿ ಸೋತರೆ ಕಾಮನ್‌ವೆಲ್ತ್ ಕೋರ್ಟ್ ಅನ್ನುವ ರಾಜ್ಯದ ನ್ಯಾಯಾಲಯ. ಕೋರ್ಟು ಸಾಕ್ಷಿಗಳನ್ನು ಮತ್ತೆ ಕೂರಿಸಿ ಕೇಳುವುದಿಲ್ಲ. ಕಾನೂನು ತಪ್ಪಿದೆಯಾ, ತೀರ್ಮಾನಕ್ಕೆ ತಕ್ಕ ಆಧಾರ ಇದೆಯಾ, ಇಷ್ಟು ನೋಡುತ್ತೆ. ಆಮೇಲೆ ರಿಪೇರಿ ಮಾಡಿಸಿದೆವು ಅಂದರೂ ತಪಾಸಣೆ ದಿನದ ತಪ್ಪು ಅಳಿಸಿಹೋಗಲ್ಲ.

ನನಗೆ ಮಾಲೀಕರ ಮೇಲೇ ಅಯ್ಯೋ ಅನ್ನಿಸಿತು. ಹನ್ನೊಂದು ಡಿಗ್ರಿಗೆ ಇಷ್ಟೊಂದಾ? "ನಿಮ್ಮನ್ನ ಚೆನ್ನಾಗಿ ನೋಡಿಕೊಳ್ತಾರಲ್ವಾ, ವಿಚಾರಣೆಗೆ ನೀವೇ ಹೋಗಿ ಹೇಳಬಹುದಲ್ಲ?" ಅಂದೆ.

ಅಜ್ಜಿ ಕಾರಿಡಾರ್ ಕಡೆ ಒಮ್ಮೆ ನೋಡಿದರು. "ಚೆನ್ನಾಗೇ ನೋಡ್ಕೋತಾರೆ. ಆದರೆ ನನ್ನ ಮಾತು ನಂಬಬೇಡ. ರಾತ್ರಿ ನಾನು ಮಲಗಬೇಕಾದದ್ದು ಇಲ್ಲೇ ಅಲ್ವಾ?"

ದೊಡ್ಡಮ್ಮ ಈಗ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮಕ್ಕಳಿಲ್ಲ, ಹಂಡೆಯ ಮನೆಯೂ ಮಾರಿ ಆಯ್ತು. ಹೋದ ವರ್ಷ ಅಲ್ಲಿಗೆ ಸೋಲಾರ್ ಹಾಕಿಸಲು ದುಡ್ಡು ಕಳಿಸಿದ್ದೆ. ಫೋಟೋ ಬಂತು: ಟ್ಯಾಂಕ್ ಮುಂದೆ ಸಾಲಾಗಿ ಕೈಮುಗಿದು ನಿಂತ ಅಜ್ಜಿಯರು. ಅದನ್ನು ನಾಲ್ಕು ಜನಕ್ಕೆ ತೋರಿಸಿ ಹೆಮ್ಮೆಪಟ್ಟಿದ್ದೂ ನಿಜ. ಅಲ್ಲಿನ ಗೋಡೆ ಮೇಲೆ ದಾನಿಗಳ ಪಟ್ಟಿ ಇದೆ, ನನ್ನ ಹೆಸರೂ ಸೇರಿ. ಬೇರೆ ಪಟ್ಟಿ ನೋಡಿದ ನೆನಪಿಲ್ಲ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸರ್ಕಾರ ತೆರೆಯಬಹುದು ಅಂತಿದೆ. 'ಬಹುದು' ಅಂತ.

ಆ ರಾತ್ರಿಯೇ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಆಫೀಸಿನವರು ಸ್ಪೀಕರ್ ಹಾಕಿ ದೊಡ್ಡಮ್ಮನನ್ನು ಕರೆದರು.

"ಹೇಗಿದ್ದೀರಿ ದೊಡ್ಡಮ್ಮ?"

"ಎಲ್ಲಾ ಚೆನ್ನಾಗಿದೆ ಕಣೇ."

ಹಿಂದಿನಿಂದ ಒಂದು ದನಿ: "ಬಿಸಿನೀರು ಸಿಗುತ್ತೆ ಅಂತ ಹೇಳಿ ಅಜ್ಜಿ."

"ಬಿಸಿನೀರು ಸಿಗುತ್ತೆ ಕಣೇ," ಅಂದರು ದೊಡ್ಡಮ್ಮ.