ಅಮ್ಮನ ಪರವಾಗಿ ಹಾಕಿದ 16 ಟಿಕ್

ಅಮ್ಮ ಬಾಯಿ ಬಿಡಲಿಲ್ಲ. ಚಮಚವನ್ನು ತುಟಿಗೆ ತಾಗಿಸಿಕೊಂಡು ನಾನು ಕೂತೇ ಇದ್ದೆ. ಹಿಂದಿನ ತುತ್ತು ಇನ್ನೂ ಎಡಗೆನ್ನೆಯಲ್ಲೇ ಇತ್ತು, ಕೆನ್ನೆ ಉಬ್ಬಿದ್ದು ಕಾಣುತ್ತಿತ್ತು. "ನುಂಗಮ್ಮ" ಅಂದೆ. ನನ್ನ ಮುಖವನ್ನೇ ನೋಡಿದಳು. ಬಾಯಲ್ಲಿ ಏನೋ ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಅವಳು ಈ ಆರೈಕೆ ಕೇಂದ್ರಕ್ಕೆ ಬಂದು ಮೂರು ವರ್ಷ ದಾಟಿದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕೊನೆಯ ಹಂತದಲ್ಲಿದೆ. ಆ ತಿಂಗಳು ತೂಕ ಇಳಿದಿತ್ತು. ಊಟದ ಮಧ್ಯೆ ಕೆಮ್ಮು ಶುರುವಾಗಿತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು, ಹೊಟ್ಟೆಗೆ ಟ್ಯೂಬ್ ಹಾಕಿಸೋಣವಾ, ಇಲ್ಲ ಕೈತುತ್ತಿನಲ್ಲಿ ಎಷ್ಟು ಹೋಗುತ್ತೋ ಅಷ್ಟೇ ಸಾಕು ಅಂತ ಮುಂದುವರಿಸೋಣವಾ, ಯೋಚಿಸಿ ಹೇಳಿ ಅಂದರು. ಕಾಗದದಲ್ಲಿ ಅಮ್ಮನ ಪರವಾಗಿ ಸಹಿ ಹಾಕಬೇಕಾದವಳು ನಾನು.

ಅದೇ ವಾರ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಒಂದು ಹಾಳೆ ಹಿಡಿದು ಬಂದಳು. ಇಲ್ಲಿರುವವರ ಚಿಕಿತ್ಸೆಯ ಬಗ್ಗೆ ತೀರ್ಮಾನ ಮಾಡೋದು ಮನೆಯವರಿಗೆ ಎಷ್ಟು ಕಷ್ಟ ಆಗ್ತಿದೆ ಅಂತ ಅಳೆಯಬೇಕಂತೆ. ಅಳೆಯೋದಾ? ಥರ್ಮಾಮೀಟರ್ ಇಟ್ಟ ಹಾಗಾ? ನಗು ಬಂತು. ಆದರೂ ಪೆನ್ನು ತೆಗೆದುಕೊಂಡೆ. ಚಮಚ ಹಿಡಿದು ಕೂರುವುದಕ್ಕಿಂತ ಪೆನ್ನು ಹಿಡಿದು ಕೂರುವುದೇ ಹಗುರ ಅನಿಸಿತು.

ಆ ಹಾಳೆಯ ಹೆಸರು ಡಿಸಿಷನಲ್ ಕಾನ್‌ಫ್ಲಿಕ್ಟ್ ಸ್ಕೇಲ್. ಕೆನಡಾದ ಆನೆಟ್ ಓಕಾನರ್ 1995ರಲ್ಲಿ ಪ್ರಕಟಿಸಿದ್ದು. ಒಟ್ಟು 16 ವಾಕ್ಯ. ಒಂದೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಖಂಡಿತ ಒಪ್ಪಲ್ಲ'ದವರೆಗೆ ಐದು ಮನೆ, 0ಯಿಂದ 4ರವರೆಗೆ ಅಂಕ. ಎಲ್ಲವನ್ನೂ ಕೂಡಿಸಿ, 16ರಿಂದ ಭಾಗಿಸಿ, 25ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಅಂತ ಬರುತ್ತದೆ. ಇಲ್ಲಿ ಜಾಸ್ತಿ ಅಂಕ ಬಂದರೆ ಜಾಸ್ತಿ ತೊಳಲಾಟ. 25ಕ್ಕಿಂತ ಕೆಳಗಿರುವವರು ಸಾಮಾನ್ಯವಾಗಿ ತೀರ್ಮಾನ ಮಾಡಿ ಮುಂದೆ ಹೋಗುತ್ತಾರೆ. 37.5 ದಾಟಿದವರು ಮುಂದೂಡುತ್ತಾ ಕೂರುತ್ತಾರೆ.

ನನ್ನದು ಕೂಡಿಸಿದರೆ 31. ಅಂದರೆ 48.4. ಮುಂದೂಡುವವರ ಗುಂಪು. ಅದು ನನಗೆ ಗೊತ್ತಿಲ್ಲದ ಸುದ್ದಿಯೇನಲ್ಲ, ಡಾಕ್ಟರ ಎರಡು ಫೋನ್ ಕರೆ ಎತ್ತದೆ ಬಿಟ್ಟವಳು ನಾನೇ ಅಲ್ವಾ!

ಆದರೆ ಆ ಹುಡುಗಿ ಅಂಕವನ್ನು ಬಿಡಿಸಿ ತೋರಿಸಿದಳು. ಹಾಳೆಯೊಳಗೆ ಐದು ಗುಂಪು ಇವೆ: ವಿಷಯ ಎಷ್ಟು ಗೊತ್ತು, ಯಾವುದು ಮುಖ್ಯ ಅನ್ನುವುದು ಎಷ್ಟು ಸ್ಪಷ್ಟ, ಜೊತೆಗೆ ಯಾರಿದ್ದಾರೆ, ಮನಸ್ಸು ಎಷ್ಟು ಗಟ್ಟಿ, ಮಾಡಿದ ತೀರ್ಮಾನ ಎಷ್ಟು ಸಮಾಧಾನ ಕೊಟ್ಟಿದೆ. ವಿಷಯ ಗೊತ್ತಿರುವುದರಲ್ಲಿ ನನ್ನ ತೊಳಲಾಟ ಬರೀ 25. ಅಷ್ಟರಲ್ಲಾಗಲೇ ಸಿಕ್ಕಿದ್ದನ್ನೆಲ್ಲ ಓದಿಬಿಟ್ಟಿದ್ದೆ. ಡಿಮೆನ್ಷಿಯಾದ ಈ ಹಂತದಲ್ಲಿ ಟ್ಯೂಬ್ ಹಾಕಿದರೆ ಆಯುಸ್ಸು ಹೆಚ್ಚಿದ್ದಕ್ಕೆ ಆಧಾರ ಸಿಕ್ಕಿಲ್ಲ. ಶ್ವಾಸಕೋಶಕ್ಕೆ ಆಹಾರ ಇಳಿದು ನ್ಯುಮೋನಿಯಾ ಆಗುವುದನ್ನೂ ಅದು ತಡೆಯುವುದಿಲ್ಲ, ಯಾಕೆಂದರೆ ಎಂಜಲು ಇಳಿಯುವುದು, ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವುದು ನಿಲ್ಲಲ್ಲ. ಅಮೆರಿಕದ ವೃದ್ಧರ ಚಿಕಿತ್ಸಾ ತಜ್ಞರ ಸಂಘ ಕೂಡ ನಿಧಾನವಾಗಿ ಕೈತುತ್ತು ಕೊಡುವುದೇ ಮೇಲು ಅನ್ನುತ್ತದೆ. ಎಲ್ಲ ಗೊತ್ತಿತ್ತು.

'ಯಾವುದು ಮುಖ್ಯ' ಅನ್ನುವ ಗುಂಪಿನಲ್ಲಿ ಮಾತ್ರ 75.

ಅಲ್ಲಿ ನಾನು ತುಂಬಾ ಹೊತ್ತು ನಿಂತಿದ್ದೆ. ನಿಮಗೆ ಯಾವ ಲಾಭ ಮುಖ್ಯ, ಯಾವ ಅಪಾಯ ದೊಡ್ಡದು ಅಂತ ನಿಮಗೆ ಸ್ಪಷ್ಟ ಇದೆಯಾ ಎನ್ನುವ ಅರ್ಥದ ವಾಕ್ಯಗಳು ಅವು. ನನಗಾ? ಅಮ್ಮನಿಗಾ? ಈ ಹಾಳೆ ಹುಟ್ಟಿದ್ದು ತನ್ನ ಮೈ ಬಗ್ಗೆ ತಾನೇ ತೀರ್ಮಾನ ಮಾಡುವವರಿಗಾಗಿ. ನಾನು ಇನ್ನೊಬ್ಬರ ಹೊಟ್ಟೆಯ ಬಗ್ಗೆ ಹೇಳಬೇಕಿತ್ತು. ಹುಡುಗಿಯನ್ನು ಕೇಳಿದೆ. "ಅಮ್ಮನ ಪರವಾಗಿ ಯೋಚಿಸಿ ಹಾಕಿ" ಅಂದಳು. ಪಾಪ, ಅವಳಾದರೂ ಏನು ಹೇಳಿಯಾಳು.

ಅಮ್ಮನ ಪರವಾಗಿ ಯೋಚಿಸಿದರೆ ಅಮ್ಮ ಒಬ್ಬಳಲ್ಲ, ಇಬ್ಬರು ಸಿಗುತ್ತಾರೆ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ, ಹೊರಗೆ ಬಂದು ನನ್ನ ಕೈ ಹಿಡಿದು "ನಂಗೆ ಮಾತ್ರ ಇದೆಲ್ಲ ಬೇಡ ಕಣೇ" ಅಂದವಳು ಅವಳೇ. ಅದಾಗಿ ಆರು ವರ್ಷಕ್ಕೆ ತನ್ನ ಆಪರೇಷನ್ನಿನ ಹಿಂದಿನ ರಾತ್ರಿ "ಏನಾದ್ರೂ ಮಾಡಿ, ನಾನು ಎದ್ದು ಬರಬೇಕು" ಅಂದವಳೂ ಅವಳೇ. ಮಾತ್ರೆಯ ಜೊತೆ ಬರುವ ಚೀಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದದೆ ಒಂದು ಮಾತ್ರೆಯನ್ನೂ ನುಂಗದ ಹೆಂಗಸು. ಈಗ ಇವರಿಬ್ಬರಲ್ಲಿ ಯಾರ ಮಾತು ಕೇಳಲಿ?

ಈ ಕಷ್ಟ ನನ್ನೊಬ್ಬಳದಲ್ಲ. 2006ರಲ್ಲಿ ಹಿಂದಿನ 16 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ರೋಗಿಗೆ ಏನು ಬೇಕು ಅಂತ ಮನೆಯವರು ಊಹಿಸಿದ್ದು ಸರಿ ಇದ್ದದ್ದು 68%. ನೂರರಲ್ಲಿ 32 ಸಲ ತಪ್ಪು. ಮೊದಲೇ ಕೂತು ಮಾತಾಡಿಕೊಂಡಿದ್ದರೂ ಊಹೆ ಸುಧಾರಿಸಿರಲಿಲ್ಲ. ಓದಿ ಧೈರ್ಯ ಬಂತೋ, ಇದ್ದದ್ದೂ ಹೋಯಿತೋ, ಇವತ್ತಿಗೂ ಹೇಳಲಾರೆ.

ದೂರದಲ್ಲಿರುವ ತಮ್ಮನಿಗೂ ಹಾಳೆ ಕಳಿಸಿದೆ, ಸುಮ್ನೆ ಕುತೂಹಲಕ್ಕೆ. ಐದೇ ನಿಮಿಷದಲ್ಲಿ ತುಂಬಿಸಿ ಕಳಿಸಿದ. ಕೂಡಿಸಿದರೆ 7, ಅಂದರೆ 10.9. "ಟ್ಯೂಬ್ ಹಾಕಿಸಕ್ಕ, ಇದರಲ್ಲಿ ಯೋಚನೆ ಮಾಡೋದೇನಿದೆ? ಊಟ ಇಲ್ಲದೆ ಬಿಡೋಕಾಗುತ್ತಾ?" ಅಂತ ಫೋನಲ್ಲಿ ಹೇಳಿದ. ಹಾಳೆಯ ಪ್ರಕಾರ ಅವನು ಆರಾಮಾಗಿದ್ದಾನೆ, ನಾನು ತೊಂದರೆಯಲ್ಲಿದ್ದೇನೆ. ಸಿಟ್ಟು ಬಂತು. ಆಮೇಲೆ ಹೊಳೆಯಿತು, ಹಾಳೆಯೇನೂ ಸುಳ್ಳು ಹೇಳುತ್ತಿಲ್ಲ. ಅದು ಅಳೆಯುವುದು ಮನಸ್ಸಿನ ಹೊಯ್ದಾಟವನ್ನು, ತೀರ್ಮಾನ ಸರಿಯೋ ತಪ್ಪೋ ಅನ್ನುವುದನ್ನಲ್ಲ. ಗೊತ್ತಿಲ್ಲದವನಿಗೂ ಹೊಯ್ದಾಟ ಇರಲ್ಲ. ಕಡಿಮೆ ಅಂಕ ಬಂದವರನ್ನೂ ಒಮ್ಮೆ ಕರೆದು ಮಾತಾಡಿಸಿ ಅಂತ ಆ ಹುಡುಗಿಗೆ ಹೇಳಿದೆ. ಬರೆದುಕೊಂಡಳು.

ಹಾಳೆಯ ಮೇಲೆ ನನಗೆ ಇನ್ನೊಂದು ತಕರಾರು ಇದೆ. ಅದು 'ಈ ತೀರ್ಮಾನ' ಅನ್ನುತ್ತದೆ, ಒಂದೇ ಒಂದು ಇದೆ ಅನ್ನುವ ಹಾಗೆ. ಇಲ್ಲಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಜ್ವರ ಬಂದರೆ ಆಸ್ಪತ್ರೆಗೆ ಸಾಗಿಸೋಣವಾ, ಇಲ್ಲೇ ಆ್ಯಂಟಿಬಯಾಟಿಕ್ ಕೊಡೋಣವಾ, ಎದೆಬಡಿತ ನಿಂತರೆ ಎದೆ ಒತ್ತಬೇಕಾ ಬೇಡವಾ. ಸೂಸನ್ ಮಿಚೆಲ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇಂಥ ಕೊನೆಯ ಹಂತದ 323 ಜನರನ್ನು 18 ತಿಂಗಳು ಗಮನಿಸಿ 2009ರಲ್ಲಿ ಬರೆದರು. 85.8% ಜನಕ್ಕೆ ಊಟದ ತೊಂದರೆ ಬಂತು, 52.6% ಜನಕ್ಕೆ ಜ್ವರ, 41.1% ಜನಕ್ಕೆ ನ್ಯುಮೋನಿಯಾ. ಅವುಗಳಲ್ಲಿ ಪ್ರತಿಯೊಂದಕ್ಕೂ ಯಾರದೋ ಮನೆಯ ಫೋನ್ ಬಡಿದುಕೊಂಡಿರುತ್ತದೆ.

ನರ್ಸ್ ಒಬ್ಬರು ನನ್ನ ಅಂಕ ನೋಡಿ ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಬನ್ನಿ ಅಂದರು. ಅಮ್ಮನನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಟೀವಿ ಆರಿಸಿದರು. ಚಿಕ್ಕ ಚಮಚ, ಅದರಲ್ಲೂ ಅರ್ಧ ಮಾತ್ರ. ಎದುರು ನಿಲ್ಲದೆ ಅವಳ ಕಣ್ಣಿನ ಮಟ್ಟಕ್ಕೆ ಕೂತರು. ಕೆನ್ನೆಯಲ್ಲಿ ತುತ್ತು ನಿಂತಾಗ ಖಾಲಿ ಚಮಚವನ್ನು ತುಟಿಗೆ ತಾಗಿಸಿದರು. ಅಮ್ಮ ನುಂಗಿದಳು! ಗಂಟಲು ಮೇಲೆ ಕೆಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. 40 ನಿಮಿಷಕ್ಕೆ 14 ಚಮಚ. ಹದಿನೈದನೆಯದಕ್ಕೆ ಮುಖ ತಿರುಗಿಸಿದಳು. "ಸಾಕು ಅಂತಿದ್ದಾರೆ" ಅಂದು ನರ್ಸ್ ಬಟ್ಟಲು ಎತ್ತಿಕೊಂಡರು.

ಮೂರು ವರ್ಷದಲ್ಲಿ ಅಮ್ಮ ಏನೋ ಹೇಳ್ತಿದ್ದಾಳೆ ಅಂತ ಯಾರೂ ಅಂದಿರಲಿಲ್ಲ. ಹಳೆಯ ಇಬ್ಬರು ಅಮ್ಮಂದಿರ ಜಗಳವನ್ನೇ ಬಗೆಹರಿಸುತ್ತಿದ್ದ ನಾನು ಈ ಮೂರನೆಯವಳನ್ನು ಕೇಳಿಯೇ ಇರಲಿಲ್ಲ.

ಟ್ಯೂಬ್ ಬೇಡ ಅಂತ ಸಹಿ ಹಾಕಿದೆ. ತಮ್ಮ ಒಂದು ವಾರ ಮಾತಾಡಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಹಾಳೆ ಮತ್ತೆ ತುಂಬಿಸಿದೆ. ಈ ಸಲ 19, ಅಂದರೆ 29.7. ಇಳಿದಿದೆ, ಪೂರ್ತಿ ಇಳಿದಿಲ್ಲ. ಲಾರಾ ಹ್ಯಾನ್ಸನ್ ತಂಡ ನಾರ್ತ್ ಕೆರೊಲಿನಾದ 24 ಆರೈಕೆ ಕೇಂದ್ರಗಳಲ್ಲಿ ಮಾಡಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಊಟದ ಆಯ್ಕೆಗಳನ್ನು ವಿವರಿಸುವ ಕೈಪಿಡಿ ಸಿಕ್ಕ ಮನೆಯವರ ತೊಳಲಾಟ ಸರಾಸರಿ 1.65, ಸಿಗದವರದು 1.97. ಅವರು ಅಂಕ ಹಾಕಿದ್ದು 1ರಿಂದ 5ರ ಲೆಕ್ಕದಲ್ಲಿ. ಕಾಗದದಲ್ಲಿ ನೋಡಿದರೆ ಇಷ್ಟೇನಾ ಅನಿಸುತ್ತೆ. ರಾತ್ರಿ ಮಲಗಿ ಸೂರು ನೋಡುವವರಿಗೆ ಅಷ್ಟೂ ಲೆಕ್ಕಕ್ಕೆ ಬರುತ್ತದೆ.

ಹೋಗುವಾಗ ಹುಡುಗಿ ಇನ್ನೊಂದು ಹಾಳೆ ತೆಗೆದಳು. ಇದು ಚಿಕ್ಕದು, ಐದೇ ವಾಕ್ಯ. ಮಾಡಿದ ತೀರ್ಮಾನದ ಬಗ್ಗೆ ಪಶ್ಚಾತ್ತಾಪ ಇದೆಯಾ ಅಂತ ಅಳೆಯೋದು. "ಇದನ್ನ ಯಾವಾಗ ಬೇಕಾದ್ರೂ ತುಂಬಬಹುದು" ಅಂದಳು. ಇಸಿದುಕೊಂಡು ಅಮ್ಮನ ಮೇಜಿನ ಡ್ರಾಯರ್‌ನಲ್ಲಿ, ಅವಳ ಹಳೆಯ ಕನ್ನಡಕದ ಕೆಳಗೆ ಇಟ್ಟೆ. ಊಟದ ಗಾಡಿ ಬರುವ ಸದ್ದಾಯಿತು. ದಿಂಬು ಸರಿ ಮಾಡಿ, ಟೀವಿ ಆರಿಸಿದೆ.