ಸಂಜೆ ಕಾಲೇಜಿನ ಶನಿವಾರಗಳು

ಕಾಲೇಜಿನ ಸಂಚಿಕೆಗೆ ಲೇಖನ ಕೇಳಲು ಬಂದ ಹುಡುಗರು, "ಸರ್, ನೀವು ಮಂಡಲ ಪಂಚಾಯಿತಿ ಮೆಂಬರ್ ಆಗಿದ್ದೋರು, ನಾಯಕತ್ವದ ಬಗ್ಗೆ ಬರೀರಿ" ಎಂದರು. ಈಗ ನಾಯಕತ್ವಕ್ಕೆಂದೇ ಎರಡು ದಿನದ ಶಿಬಿರಗಳಿವೆ. ಫೈಲು, ಪೆನ್ನು, ಊಟ, ಕೊನೆಗೊಂದು ಪ್ರಮಾಣಪತ್ರ. ಅಂಥ ಒಂದೆರಡಕ್ಕೆ ನಾನೂ ಅತಿಥಿಯಾಗಿ ಹೋಗಿ ಶಾಲು ಹೊದಿಸಿಕೊಂಡು ಬಂದಿದ್ದೇನೆ. ಆದರೆ ಸಾರ್ವಜನಿಕ ಕೆಲಸಕ್ಕೆ ನನಗೆ ಆದ ತಯಾರಿ ಬೇರೆಯದೇ. ಅದು ಆದದ್ದು ನಮ್ಮ ಸಂಜೆ ಕಾಲೇಜಿನಲ್ಲಿ, ಸಿಲಬಸ್ಸಿನ ಹೊರಗೆ.

ಎಂಬತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ನಾನು ಹಗಲು ದಲ್ಲಾಳಿ ಮಂಡಿಯಲ್ಲಿ ಗುಮಾಸ್ತ, ಸಂಜೆ ಬಿ.ಎ. ವಿದ್ಯಾರ್ಥಿ. ತರಗತಿಯಲ್ಲಿ ಬಟ್ಟೆ ಅಂಗಡಿಯವರು, ಒಬ್ಬ ಬಸ್ ಕಂಡಕ್ಟರ್, ಆಸ್ಪತ್ರೆಯ ಒಬ್ಬ ನರ್ಸಕ್ಕ, ಮೊದಲ ಪಾಳಿ ಮುಗಿಸಿ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದ ಮಿಲ್ಲಿನವರು. ಅರ್ಧ ಜನಕ್ಕೆ ಮಕ್ಕಳಿದ್ದರು.

ಶನಿವಾರ ಕೊನೆಯ ಪೀರಿಯಡ್ಡು ರಾಜ್ಯಶಾಸ್ತ್ರದ ಮೇಷ್ಟ್ರದು. ಪುಸ್ತಕ ಮುಚ್ಚಿಸಿ, ಎಲ್ಲರ ಚಿಲ್ಲರೆ ಕೂಡಿಸಿ ಮಂಡಕ್ಕಿ, ಮಿರ್ಚಿ ತರಿಸಿ, ಬೆಂಚುಗಳನ್ನು ಎದುರುಬದುರು ಹಾಕಿಸುತ್ತಿದ್ದರು. ಡೆನ್ಮಾರ್ಕಿನ ಪಾದ್ರಿ, ಕವಿ ಗ್ರುಂಟ್‌ವಿಗ್ ಹೆಸರು ನಾನು ಕೇಳಿದ್ದು ಅಲ್ಲೇ. ಅವರ ವಿಚಾರದಿಂದ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ರೈತರ ಮಕ್ಕಳಿಗೆಂದು ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಇತಿಹಾಸ, ಹಾಡು, ಚರ್ಚೆ. ಇಂಥ ಶಾಲೆಗಳಿಂದ ಹೊರಬಂದವರೇ ಮುಂದೆ ಅಲ್ಲಿನ ಸಹಕಾರಿ ಡೇರಿಗಳನ್ನು ಕಟ್ಟುವುದರಲ್ಲಿ ಮುಂದಾದರಂತೆ. ನಮ್ಮ ಮೈಸೂರು ಸೀಮೆಯ ವಯಸ್ಕರ ಶಿಕ್ಷಣ ಸಮಿತಿಯೂ ಅದನ್ನು ನೋಡಿಯೇ ನಂಜನಗೂಡಿನಂಥ ಕಡೆ ವಿದ್ಯಾಪೀಠ ನಡೆಸಿತ್ತು. "ಹಾಡು ಹೇಳಿಸಿ ಡೇರಿ ಕಟ್ಟಿಸಿದ್ರಾ ಸಾರ್?" ಎಂದು ಕಂಡಕ್ಟರ್ ನಕ್ಕಿದ್ದ. ಮೇಷ್ಟ್ರು ಉತ್ತರ ಕೊಡಲಿಲ್ಲ. ಮುಂದಿನ ವಾರ ಸಂವಿಧಾನ ಸಭೆಯ ಚರ್ಚೆಗಳ ದಪ್ಪ ಸಂಪುಟ ಹಿಡಿದು ಬಂದರು.

ಅಂದು ಓದಿದ್ದು ಕರಡು ಸಂವಿಧಾನವನ್ನು ಸಭೆಯ ಮುಂದಿಡುತ್ತಾ ಅಂಬೇಡ್ಕರ್ ಮಾಡಿದ 1948ರ ನವೆಂಬರ್ 4ರ ಭಾಷಣ. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವುದು ಅವರ ಕ್ರಮ. ಹಳ್ಳಿಯೆಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಜಾತಿ-ಮತದ ಗೂಡಲ್ಲದೆ ಮತ್ತೇನು ಎಂದು ಅಂಬೇಡ್ಕರ್ ಕೇಳುವ ಜಾಗ ಬಂತು. ತರಗತಿ ಹೊತ್ತಿಕೊಂಡಿತು. ಗಾಂಧಿಯ ಗ್ರಾಮಸ್ವರಾಜ್ಯದ ಪರ ನಾವು ಏಳೆಂಟು ಜನ ಒಟ್ಟಿಗೇ ಎದ್ದೆವು. ಮಿಲ್ಲಿನವನೊಬ್ಬ ಕೂತಲ್ಲಿಂದಲೇ, "ನೀವು ಊರೊಳಗಿನ ಬಾವಿ ನೀರು ಕುಡಿದೋರು, ಹಂಗೇ ಮಾತಾಡ್ತೀರಿ" ಎಂದ.

ಮೇಷ್ಟ್ರದು ಒಂದೇ ನಿಯಮ. ಎದುರಾಳಿಯ ವಾದವನ್ನು ಮೊದಲು ನೀನು ಹೇಳಬೇಕು. ಅವನು "ಹೌದು, ನಾನಂದಿದ್ದು ಇದೇ" ಎಂದು ಒಪ್ಪಿದ ಮೇಲೆಯೇ ನಿನ್ನ ಮಾತು. ನನಗೆ ಮಿಲ್ಲಿನವನ ಪಕ್ಷ ಬಂತು. ಮೊದಲ ಸಲ ಹೇಳಿದೆ, ಅವನು ತಲೆ ಅಲ್ಲಾಡಿಸಿದ. ಎರಡನೆಯ ಸಲವೂ ಅಷ್ಟೇ. "ನೀನು ನನ್ನ ಸಿಟ್ಟು ಹೇಳ್ತಿದೀಯ, ನನ್ನ ಮಾತಲ್ಲ. ಪಂಚಾಯ್ತಿ ಬೇಡ ಅಂತಲ್ಲ, ಪಂಚಾಯ್ತಿ ಕಟ್ಟೆ ಮೇಲೆ ಯಾರು ಕೂರ್ತಾರೆ ಅಂತ ನಾ ಕೇಳಿದ್ದು" ಎಂದ. ಅಷ್ಟು ಹೊತ್ತಿಗೆ ಕಾಲೇಜಿನ ಜವಾನ ದೀಪ ಆರಿಸಲು ಬಂದಿದ್ದ. ಆ ಭಾಷಣವಾದ ತಿಂಗಳಲ್ಲೇ, 1948ರ ನವೆಂಬರ್ 22ರಂದು, ಸಂವಿಧಾನ ಸಭೆಯ ಸದಸ್ಯ ಕೆ. ಸಂತಾನಂ ತಂದ ತಿದ್ದುಪಡಿಯನ್ನು ಅಂಬೇಡ್ಕರ್ ಒಪ್ಪಿಕೊಂಡರು, ಪಂಚಾಯಿತಿಗಳ ಮಾತು 40ನೇ ವಿಧಿಯಾಗಿ ಸಂವಿಧಾನಕ್ಕೆ ಸೇರಿತು ಎಂಬುದನ್ನು ಮೇಷ್ಟ್ರು ಮೆಟ್ಟಿಲಿಳಿಯುತ್ತಾ ಹೇಳಿದರು. ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದರು ಅಂತ ನನ್ನ ಗುಮಾನಿ.

1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ, ಅಂದರೆ ಕೆಲವು ಹಳ್ಳಿ ಸೇರಿ ಒಂದರಂತೆ ಆಗ ಇದ್ದ ಪಂಚಾಯಿತಿಗಳ, ಚುನಾವಣೆ ಬಂತು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲ. ಕಾಲು ಭಾಗ ಸೀಟು ಹೆಂಗಸರಿಗೆ. ನಮ್ಮ ನರ್ಸಕ್ಕನಿಗೆ ಸರ್ಕಾರಿ ನೌಕರಿ, ನಿಲ್ಲುವಂತಿರಲಿಲ್ಲ. ಅವರ ನಾದಿನಿಯನ್ನು ನಿಲ್ಲಿಸಿ ಗೆಲ್ಲಿಸಿದರು, ಸಭೆಯ ನಡಾವಳಿ ಓದುವುದನ್ನು ಮನೆಯಲ್ಲೇ ಕಲಿಸಿದರು. ನಾನು ನಮ್ಮೂರಿನಿಂದ ಗೆದ್ದೆ.

ಮಂಜೂರಾದ ಒಂದು ಬೋರ್‌ವೆಲ್ ಎಲ್ಲಿ ಎಂಬ ಪ್ರಶ್ನೆ ಬೇಗನೇ ಬಂತು. ಕೇರಿಗೋ, ದೇವಸ್ಥಾನದ ಮುಂದಕ್ಕೋ. ಹಿರಿಯ ಸದಸ್ಯರೊಬ್ಬರು ದೇವಸ್ಥಾನದ ಕಡೆ. ಅವರನ್ನು ಜರಿಯುವುದು ಸುಲಭವಿತ್ತು, ಕೈ ಎತ್ತುವವರೂ ನಮ್ಮ ಕಡೆಯೇ ಹೆಚ್ಚಿದ್ದರು. ನಾನು ಮೊದಲು ಅವರ ಮಾತೇ ಹೇಳಿದೆ: ಜಾತ್ರೆಗೆ ಸುತ್ತ ಹಳ್ಳಿಯವರು ಬರುತ್ತಾರೆ, ದನಕರುಗಳು ಬರುತ್ತವೆ, ಇರುವ ಸೇದುಬಾವಿ ಬೇಸಿಗೆಯಲ್ಲಿ ಬತ್ತುತ್ತದೆ. "ನಾನೇ ಇಷ್ಟು ಚೆಂದ ಹೇಳ್ತಿರ್ಲಿಲ್ಲ ಬಿಡಪ್ಪ" ಎಂದರು. ಆಮೇಲೆ ಕೇರಿಯ ಹೆಂಗಸರು ಎಷ್ಟು ದೂರ ಕೊಡ ಹೊರುತ್ತಾರೆ ಎಂದು ಹೇಳಿದೆ. ಬೋರು ಕೇರಿಗೇ ಹೋಯಿತು. ಅವರು ವಿರುದ್ಧವೇ ಕೈ ಎತ್ತಿದರು. ಆದರೆ ಸಭೆ ಬಿಟ್ಟು ಎದ್ದುಹೋಗಲಿಲ್ಲ, ಮುಂದಿನ ಸಭೆಗೂ ಬಂದರು. ನನ್ನ ಲೆಕ್ಕದಲ್ಲಿ ಅಂದಿನ ದೊಡ್ಡ ಕೆಲಸ ಅದೇ.

ಮೇಷ್ಟ್ರು ನಿವೃತ್ತರಾದ ಮೇಲೆ ಶನಿವಾರದ ಕೂಟ ನಿಂತಿತು. ಈಗಿನ ವಿದ್ಯಾರ್ಥಿಗಳು ಬಿಡುವಿಲ್ಲ ಎನ್ನುತ್ತಾರೆ, ನಮಗೂ ಇರಲಿಲ್ಲ. ಸಂಪುಟಗಳು ಗ್ರಂಥಾಲಯದಲ್ಲಿವೆ. ಪ್ರಾಂಶುಪಾಲರು ಒಂದು ಕೊಠಡಿ, ಎಂಟೂವರೆಯವರೆಗೆ ಕರೆಂಟು ಕೊಟ್ಟರೆ ನಾನು ಬರುತ್ತೇನೆ. ಮಂಡಕ್ಕಿಯ ಖರ್ಚು ಹಳೆಯ ವಿದ್ಯಾರ್ಥಿ ಸಂಘದ್ದು ಎಂದು ಖಜಾಂಚಿಯವರನ್ನು ಒಪ್ಪಿಸಿದ್ದೇನೆ.